ಮದ್ದಿನ ಹಿಂದೆ ಸ್ಪ್ಯಾನರ್ ಹಿಡಿದವರು

ಹೆಗ್ಗಡದೇವನಕೋಟೆಯ ಕಾಡಂಚಿನ ಹೊಲದಲ್ಲೋ ಹಾಡಿಯಲ್ಲೋ ಯಾರಿಗಾದರೂ ಕೊಳಕುಮಂಡಲ ಕಚ್ಚಿದರೆ ಆಸ್ಪತ್ರೆಯಲ್ಲಿ ಅವರ ನರಕ್ಕೆ ಏರಿಸುವ ಮದ್ದು ಸೀಸೆಯೊಳಗೆ ಬಿಳಿ ಪುಡಿಯಾಗಿ ಕುಳಿತಿರುತ್ತದೆ. ನರ್ಸ್ ಅದಕ್ಕೆ ಶುದ್ಧ ನೀರು ಬೆರೆಸಿ, ಅಲುಗಾಡಿಸದೆ ಮೆಲ್ಲಗೆ ತಿರುಗಿಸಿ ಕರಗಿಸುತ್ತಾರೆ. ಮೊದಲ ಸುತ್ತಿಗೇ ಸಾಮಾನ್ಯವಾಗಿ 8ರಿಂದ 10 ಸೀಸೆ ಬೇಕು. ಹಾವಿನ ವಿಷವನ್ನು ಅಳತೆಯಾಗಿ ಕೊಟ್ಟು ಬೆಳೆಸಿದ ಕುದುರೆಯ ರಕ್ತದಿಂದ ಈ ಮದ್ದು ತಯಾರಾಗುತ್ತದೆ. ಇದಕ್ಕೆ ಬೇಕಾದ ವಿಷದ ಬಹುಪಾಲು ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳಿಗರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಹುಟ್ಟಿದ ಆ ಸಂಘದ ಕಥೆ ಆಗೀಗ ಪತ್ರಿಕೆಗಳಲ್ಲಿ ಬರುತ್ತದೆ, ಕುದುರೆಯ ಕಥೆಯೂ ಬರುತ್ತದೆ. ದ್ರವವಾಗಿದ್ದ ಮದ್ದು ಪುಡಿಯಾದ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಪುಡಿ ಮಾಡುವುದಕ್ಕೆ ಕಾರಣ ನಮ್ಮ ಹಳ್ಳಿಗಳೇ. ದ್ರವರೂಪದ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು, ಕರೆಂಟು ಹೋದರೆ ಕೆಡುತ್ತದೆ. ಪುಡಿಯಾದರೆ ಆ ಭಯ ಬಹಳ ಕಡಿಮೆ. ಆದರೆ ಬಿಸಿ ಮಾಡಿ ಒಣಗಿಸಿದರೆ ಮದ್ದಿನ ಪ್ರೋಟೀನು ಬೆಂದ ಮೊಟ್ಟೆಯ ಲೋಳೆಯಂತೆ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಸೀಸೆಗಳನ್ನು ದೊಡ್ಡ ಉಕ್ಕಿನ ಕೋಣೆಯಲ್ಲಿ ಜೋಡಿಸಿ, ಮೈನಸ್ 40 ಡಿಗ್ರಿಯ ಆಸುಪಾಸಿಗೆ ಹೆಪ್ಪುಗಟ್ಟಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯುತ್ತಾರೆ. ನಿರ್ವಾತದಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ಇನ್ನೂ ಹೆಚ್ಚು ತಣ್ಣಗಿರುವ ಕೊಳವೆಗೆ ಹೋಗಿ ಅಂಟುತ್ತದೆ. ಇದು ಗಂಟೆಗಳಲ್ಲಿ ಮುಗಿಯುವ ಕೆಲಸವಲ್ಲ, ದಿನಗಟ್ಟಲೆ ಹಿಡಿಯುತ್ತದೆ. ಅಷ್ಟೂ ಹೊತ್ತು ನಿರ್ವಾತ ನಿಲ್ಲಬೇಕು. ಪಂಪಿನ ಎಣ್ಣೆ ಕೆಟ್ಟರೆ, ಕಂಪ್ರೆಸರ್ ನಿಂತರೆ, ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೆ ಮಂಜು ಕರಗಿ ಮದ್ದು ಮುದ್ದೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಸೀಸೆಗಳ ಬಾಯಿ ಇನ್ನೂ ಅರೆ ತೆರೆದಿರುವಾಗ, ಸೋಸದ ಹೊರಗಾಳಿ ಆ ಬಿರುಕಿನಿಂದ ಒಳಗೆ ನುಗ್ಗಬಹುದು, ಜೊತೆಗೆ ರೋಗಾಣುವೂ.

ಆ ಗ್ಯಾಸ್ಕೆಟ್ ಸವೆಯುವ ಮೊದಲೇ ಅದನ್ನು ಬದಲಿಸಬೇಕಾದವರು ಕಾರ್ಖಾನೆಯ ಮೆಕ್ಯಾನಿಕಲ್ ಮೇಂಟೆನೆನ್ಸ್ ಎಂಜಿನಿಯರ್ ಮತ್ತು ಅವರ ಜೊತೆಗಿನ ಫಿಟ್ಟರ್. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದಾಗ ಡಾಕ್ಟರು, ಆಂಬುಲೆನ್ಸು, ಮದ್ದಿನ ದಾಸ್ತಾನು, ನಾಟಿವೈದ್ಯ ಎಲ್ಲವೂ ಚರ್ಚೆಗೆ ಬಂದವು. ಬರಬೇಕಾದವೇ. ಆ ಸಾಲಿಗೆ ಈ ಫಿಟ್ಟರನ್ನೂ ಸೇರಿಸಬೇಕು ಎಂಬುದು ನನ್ನ ವಾದ. ಆತ ಆರೋಗ್ಯ ಕಾರ್ಯಕರ್ತ, ರೋಗಿಯನ್ನು ಎಂದೂ ನೋಡದ ಆರೋಗ್ಯ ಕಾರ್ಯಕರ್ತ.

ಇಂಥ ಫಿಟ್ಟರುಗಳು ನಮ್ಮ ಕಡೆಯಿಂದಲೂ ಹೋಗುತ್ತಾರೆ. ವಯನಾಡಿನಲ್ಲಿ ಹುಟ್ಟಿ ಹೆಗ್ಗಡದೇವನಕೋಟೆಯ ಕಾಡನ್ನು ಹಾದು ಬರುವ ಕಬಿನಿ, ನಮ್ಮ ಕಪಿಲೆ, ಸರಗೂರು ದಾಟಿ ನಂಜನಗೂಡಿಗೆ ಇಳಿಯುತ್ತದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲದ್ರವ್ಯ ತಯಾರಿಸುವ ಜುಬಿಲಂಟ್ ಕಾರ್ಖಾನೆಯಿದೆ. 2020ರ ಮಾರ್ಚ್‌ನಲ್ಲಿ ಅಲ್ಲಿನ ನೌಕರರಲ್ಲಿ ಕೋವಿಡ್ ಹರಡಿದಾಗಲೇ ಬಹಳ ಜನಕ್ಕೆ ಅದರ ಹೆಸರು ಗೊತ್ತಾದದ್ದು. ಅತ್ತ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆ ರೂಪಿಸಿದ ವೆಂಟಿಲೇಟರುಗಳನ್ನು ಅದೇ ವರ್ಷ ಭಾರತ್ ಎಲೆಕ್ಟ್ರಾನಿಕ್ಸ್ 30,000ದಷ್ಟು ಸಂಖ್ಯೆಯಲ್ಲಿ ತಯಾರಿಸುವ ಹೊಣೆ ಹೊತ್ತಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಐಟಿಐ, ಡಿಪ್ಲೊಮಾ ಓದಿದ ಮಕ್ಕಳಿಗೆ ಮೈಸೂರು–ನಂಜನಗೂಡಿನ ಕಡೆಯ ಕಾರ್ಖಾನೆಗಳೇ ಹತ್ತಿರದ ಕೆಲಸ. ಟಯರು, ಕಾಗದ, ಸಕ್ಕರೆ, ಔಷಧ, ಯಾವುದಾದರೂ ಆಗಬಹುದು. ಕೈಯಲ್ಲಿರುವ ಸ್ಪ್ಯಾನರ್ ಒಂದೇ ಆದರೂ ಔಷಧದ ಗೇಟಿನೊಳಗೆ ಕಾಲಿಟ್ಟ ಮೇಲೆ ಕೆಲಸದ ಅರ್ಥವೇ ಬೇರೆಯಾಗುತ್ತದೆ.

ನೀರಿನಿಂದಲೇ ಶುರು ಮಾಡೋಣ. ಚುಚ್ಚುಮದ್ದಿನ ಕಾರ್ಖಾನೆಗೆ ಬರುವ ನೀರು ನದಿಯದಾದರೂ ಬೋರ್‌ವೆಲ್ಲಿನದಾದರೂ, ಸೋಸಿ, ಲವಣ ತೆಗೆದು, ಕೊನೆಗೆ ಬಟ್ಟಿ ಇಳಿಸಿ ಬಳಸುತ್ತಾರೆ. ಹಾಗೆ ತಯಾರಾದ ನೀರನ್ನು ಟ್ಯಾಂಕಿನಲ್ಲಿ ಸುಮ್ಮನೆ ನಿಲ್ಲಿಸುವಂತಿಲ್ಲ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಕೊಳವೆಯ ಗೋಡೆಗೆ ಅಂಟಿ ಲೋಳೆಯಂಥ ಪದರ ಕಟ್ಟುತ್ತದೆ, ಒಮ್ಮೆ ಕಟ್ಟಿದರೆ ಕಿತ್ತು ಹಾಕುವುದು ಬಹಳ ಕಷ್ಟ. ಆದ್ದರಿಂದ ನೀರು 70–80 ಡಿಗ್ರಿ ಬಿಸಿಯಲ್ಲಿ, ಸೆಕೆಂಡಿಗೆ ಒಂದು ಮೀಟರಿಗಿಂತ ಹೆಚ್ಚು ವೇಗದಲ್ಲಿ, ಹಗಲು ರಾತ್ರಿ ಸುತ್ತುತ್ತಲೇ ಇರಬೇಕು. ಕೊಳವೆ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲು, ಒಳಮೈ ಕನ್ನಡಿಯ ಹಾಗೆ ನುಣುಪು. ಖಾಲಿ ಮಾಡಿದಾಗ ಒಂದು ಹನಿಯೂ ಉಳಿಯದಂತೆ ಕೊಳವೆಗೆ ಇಳಿಜಾರು. ಕವಲೊಡೆದ ಜಾಗದಲ್ಲಿ ನೀರು ನಿಲ್ಲದಂತೆ ಕವಲಿನ ಉದ್ದ ಅದರ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಬೇಕೆಂಬುದು ರೂಢಿಯ ನಿಯಮ. ನೀರು ನಿಲ್ಲುವಂಥ ಕವಲನ್ನು ಕಾರ್ಖಾನೆಯವರು ಡೆಡ್‌ಲೆಗ್ ಅನ್ನುತ್ತಾರೆ. ಯಾರೋ ಒಬ್ಬರು ಅವಸರದಲ್ಲಿ ಹಳೆಯ ಒಂದು ಯಂತ್ರ ತೆಗೆದು, ಅದಕ್ಕೆ ನೀರು ಕೊಡುತ್ತಿದ್ದ ಕವಲನ್ನು ಬುಡದಲ್ಲಿ ಕತ್ತರಿಸದೆ ತುದಿಗೆ ಮುಚ್ಚಳ ಹಾಕಿ ಬಿಟ್ಟರೂ ಸಾಕು, ತಿಂಗಳುಗಳ ನಂತರ ಪ್ರಯೋಗಾಲಯದವರು ನೀರಿನಲ್ಲಿ ಸೂಕ್ಷ್ಮಾಣು ಕಂಡು ತಲೆ ಕೆಡಿಸಿಕೊಳ್ಳುತ್ತಾರೆ. ಇಂಜೆಕ್ಷನ್ ನೀರಿಗೆ ಇರುವ ಮಿತಿ 100 ಮಿಲಿಲೀಟರಿಗೆ 10 ಸೂಕ್ಷ್ಮಾಣು, ಅಷ್ಟೇ. ಸೂಕ್ಷ್ಮಾಣು ಸತ್ತರೂ ಅದರ ದೇಹದ ಚೂರುಗಳು ಜ್ವರ, ನಡುಕ ತರಿಸುತ್ತವೆ, ಅವು ಕುದಿಸಿದರೂ ಹೋಗುವುದಿಲ್ಲ. ಆ ನೀರಿನ ಕೊಳವೆಯ ವೆಲ್ಡಿಂಗು, ಪಂಪಿನ ಸೀಲು, ವಾಲ್ವಿನ ರಬ್ಬರ್ ಪೊರೆ, ಟ್ಯಾಂಕಿನ ಉಸಿರಾಟದ ಫಿಲ್ಟರ್ ಎಲ್ಲವೂ ಮೇಂಟೆನೆನ್ಸಿನವರ ಲೆಕ್ಕ.

ಆಮೇಲೆ ಉಗಿ. ಡ್ರಿಪ್ ಬಾಟಲಿಗಳನ್ನು ತುಂಬಿ ಮುಚ್ಚಿದ ಮೇಲೆ ಆಟೊಕ್ಲೇವ್ ಎಂಬ ದೊಡ್ಡ ಕುಕ್ಕರಿನಂಥ ಕೋಣೆಯಲ್ಲಿ ಉಗಿ ಹಾಯಿಸಿ, 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಇಡುವುದು ಸಾಮಾನ್ಯ ಕ್ರಮ. ಇಲ್ಲೊಂದು ಸೂಕ್ಷ್ಮವಿದೆ. ಉಗಿ ಒಳಗೆ ಬರಬೇಕಾದರೆ ಗಾಳಿ ಹೊರಗೆ ಹೋಗಬೇಕು. ಗಾಳಿ ಉಗಿಗಿಂತ ಭಾರ, ತಳದಲ್ಲಿ ಕೂರುತ್ತದೆ. ತಳದ ತೂಬು ಕಟ್ಟಿಕೊಂಡಿದ್ದರೆ ಮೇಲಿನ ಬಾಟಲಿಗಳು ಬೇಯುತ್ತವೆ, ಕೆಳಗಿನವು ಬೆಚ್ಚಗಾಗಿ ಉಳಿಯುತ್ತವೆ.

ಇಂಗ್ಲೆಂಡಿನಲ್ಲಿ ಹೀಗೆಯೇ ಆಯಿತು. 1971ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ಬಳಿಯ ಕಾರ್ಖಾನೆಯೊಂದರಲ್ಲಿ ಡೆಕ್ಸ್‌ಟ್ರೋಸ್ ದ್ರಾವಣದ ಒಂದು ಬ್ಯಾಚು ಆಟೊಕ್ಲೇವಿಗೆ ಹೋಯಿತು. ಗಾಳಿ ಪೂರ್ತಿ ಹೊರಹೋಗಲಿಲ್ಲ. ತಾಪ ದಾಖಲಿಸುವ ಉಪಕರಣ ಬಿಸಿ ಏರಿಲ್ಲವೆಂದು ತೋರಿಸುತ್ತಲೇ ಇತ್ತು. ಅದು ಕೆಟ್ಟಿರಬೇಕು ಎಂದುಕೊಂಡು ಬೇರೆ ಮಾಪಕಗಳನ್ನು ನಂಬಿ ಕೆಲಸ ಮುಂದುವರಿಸಿದರು. ಕೆಳಸಾಲಿನ ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಉಳಿದು, ತಿಂಗಳುಗಟ್ಟಲೆ ಬೆಳೆಯಿತು. ಮಾದರಿ ಪರೀಕ್ಷೆಯಲ್ಲಿ ಬ್ಯಾಚು ಪಾಸಾಗಿತ್ತು. 1972ರ ಮಾರ್ಚ್‌ನಲ್ಲಿ ಪ್ಲಿಮತ್ತಿನ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಆ ದ್ರಾವಣ ಏರಿಸಲಾಯಿತು, ಐದು ಸಾವುಗಳನ್ನು ಅದಕ್ಕೆ ತಳಕು ಹಾಕಲಾಯಿತು. ಅದೇ ವರ್ಷ ವಿಚಾರಣೆ ನಡೆಸಿ ವರದಿ ಕೊಟ್ಟ ಕ್ಲಾಥಿಯರ್ ಸಮಿತಿಯ ಮುಂದೆ ಬಂದದ್ದು ದುಷ್ಟತನದ ಕಥೆಯಲ್ಲ. ಕಟ್ಟಿಕೊಂಡ ತೂಬು, ನಂಬಿಕೆ ಕಳೆದುಕೊಂಡ ಒಂದು ಮಾಪಕ, ಅದನ್ನು ಸರಿ ಮಾಡಿಸದೆ ಬಿಟ್ಟ ಅಭ್ಯಾಸ.

ಮಾಪಕ ತಪ್ಪು ತೋರಿಸುತ್ತದೆ ಎಂಬ ಗುಮಾನಿ ಬಂದ ಕ್ಷಣವೇ ಯಂತ್ರ ನಿಲ್ಲಬೇಕು. ಮಾಪಕವನ್ನು ಸರಿಪಡಿಸುವ ತನಕ ಅದು ಹೇಳಿದ್ದೇ ಸತ್ಯ ಎಂದು ನಡೆಯಬೇಕು. ಔಷಧ ಕಾರ್ಖಾನೆಗಳಲ್ಲಿ ಪ್ರತಿ ಗೇಜಿಗೂ ಕ್ಯಾಲಿಬ್ರೇಷನ್ ಚೀಟಿ ಅಂಟಿಸಿ, ಮುಂದಿನ ದಿನಾಂಕ ಬರೆಯುವುದು ಇದಕ್ಕೇ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು ಕನ್ನಡ ಓದುಗರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ರಾಜ್ಯ ಸರ್ಕಾರ ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯಪಟ್ಟು ಅದರ ಬಳಕೆ ನಿಲ್ಲಿಸಿತು. ಡ್ರಿಪ್ ಬಾಟಲಿ ಎಂದರೆ ಉಪ್ಪುನೀರು, ಅದರಲ್ಲಿ ಕೆಡುವುದೇನಿದೆ ಎಂದು ಕೇಳುವವರಿದ್ದಾರೆ. ಉಪ್ಪು ಕೆಡುವುದಿಲ್ಲ ನಿಜ. ಅದರಲ್ಲಿ ಕೆಡಬಹುದಾದದ್ದು ನೀರು, ಉಗಿ, ಗಾಳಿ, ಮುಚ್ಚಳ. ಅಂದರೆ ಎಲ್ಲವೂ ಯಂತ್ರಗಳಿಗೆ ಸೇರಿದ್ದು.

ಹಾಗಾದರೆ ಕೊನೆಯಲ್ಲಿ ಪರೀಕ್ಷೆ ಮಾಡಿದರಾಯಿತಲ್ಲ ಎಂಬ ಪ್ರಶ್ನೆ ಬರುತ್ತದೆ. ರೋಗಾಣು ಇದೆಯೇ ಎಂದು ನೋಡಲು ಬಾಟಲಿಯನ್ನು ಒಡೆಯಬೇಕು, ಒಡೆದದ್ದನ್ನು ಮಾರಲಾಗದು. ಆದ್ದರಿಂದ ಒಂದು ಬ್ಯಾಚಿನಿಂದ ಸಾಮಾನ್ಯವಾಗಿ 20 ಮಾದರಿ ತೆಗೆಯುತ್ತಾರೆ. ನೂರರಲ್ಲಿ ಒಂದು ಬಾಟಲಿ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಆ 20ರಲ್ಲಿ ಕೆಟ್ಟದ್ದು ಒಂದೂ ಸಿಗದೆ ಬ್ಯಾಚು ಪಾಸಾಗುವ ಸಾಧ್ಯತೆ ಶೇಕಡ 82. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು ಒಣಗಿಸುವ ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ರಾತ್ರಿಯಿಡೀ ಥರ್ಮಾಮೀಟರ್ ನೋಡುತ್ತ ಬೆಂಕಿ ಹೆಚ್ಚುಕಡಿಮೆ ಮಾಡುತ್ತಾರೆ. ಒಂದು ಜಾಮ ಕಣ್ಣು ತಪ್ಪಿದರೆ ಸೊಪ್ಪಿನ ಬಣ್ಣವೇ ಚಾಡಿ ಹೇಳುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ಮದ್ದಿನ ಬಾಟಲಿ ಹಾಗೆ ಚಾಡಿ ಹೇಳುವುದಿಲ್ಲ. ಸರಿಯಾದದ್ದೂ ತಿಳಿಯಾಗಿರುತ್ತದೆ, ಕೆಟ್ಟದ್ದೂ ಬಹಳ ಸಲ ತಿಳಿಯಾಗಿಯೇ ಕಾಣುತ್ತದೆ. ಅದಕ್ಕೇ ಬಾಟಲಿಯನ್ನು ನಂಬುವ ಬದಲು ಅದನ್ನು ತಯಾರಿಸಿದ ಯಂತ್ರ ಪ್ರತಿ ನಿಮಿಷವೂ ಸರಿಯಾಗಿ ನಡೆಯಿತು ಎಂಬ ದಾಖಲೆಯನ್ನು ನಂಬುವ ಪದ್ಧತಿ ಬೆಳೆದದ್ದು.

ಹೊರಗಿನವರಿಗೆ ವಿಚಿತ್ರವಾಗಿ ಕಾಣುವ ಈ ಕಾಗದದ ರಾಶಿಯ ಮೂಲ ಅಲ್ಲಿದೆ. ಅಕ್ಕಿ ಗಿರಣಿಯಲ್ಲಿ ಬೇರಿಂಗ್ ಹೋದರೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಕೂರಿಸಿ ಯಂತ್ರ ಓಡಿಸುತ್ತಾರೆ. ಔಷಧ ಕಾರ್ಖಾನೆಯಲ್ಲಿ ಅದೇ ಅಳತೆಯ, ಅದೇ ದರ್ಜೆಯ ಭಾಗವಾದರೆ ಒಂದು ದಾರಿ. ಬೇರೆ ಕಂಪನಿಯ ಗ್ಯಾಸ್ಕೆಟ್, ಬೇರೆ ಬಗೆಯ ರಬ್ಬರ್ ಎಂದರೆ ಮೊದಲು ಅರ್ಜಿ ಬರೆಯಬೇಕು. ಅದು ಮದ್ದಿನೊಳಗೆ ಏನನ್ನಾದರೂ ಬಿಡುತ್ತದೆಯೇ, ಉಗಿಗೆ ತಡೆಯುತ್ತದೆಯೇ ಎಂದು ಗುಣಮಟ್ಟ ವಿಭಾಗ ಪರಿಶೀಲಿಸಿ ಒಪ್ಪಬೇಕು. ಬಳಸುವ ಗ್ರೀಸು ಕೂಡ ಅಕಸ್ಮಾತ್ ಹೊಟ್ಟೆಗೆ ಹೋದರೂ ಕೆಡುಕಾಗದ ದರ್ಜೆಯದು. ಮಾತ್ರೆ ಒತ್ತುವ ಯಂತ್ರದ ಪಂಚುಗಳನ್ನು ಎಣಿಸಿ, ಅಳೆದು, ತುದಿ ಮುರಿದಿದೆಯೇ ನೋಡಿ ಒಳಗಿಡುತ್ತಾರೆ. ಮುರಿದ ಉಕ್ಕಿನ ಚೂರು ಯಾರದೋ ಮಾತ್ರೆಯಲ್ಲಿ ಇರಬಾರದಲ್ಲ.

ಸೀಸೆ ತುಂಬುವ ಕೋಣೆಯಲ್ಲಿ ಯಂತ್ರ ಕೆಟ್ಟಿತೆಂದರೆ ಪರೀಕ್ಷೆ ಇನ್ನೂ ಕಠಿಣ. ಆ ಕೋಣೆಯ ಗಾಳಿ 0.3 ಮೈಕ್ರಾನ್ ಕಣಗಳಲ್ಲಿ ಶೇಕಡ 99.97ನ್ನು ಹಿಡಿಯುವ ಹೆಪಾ ಫಿಲ್ಟರುಗಳಿಂದ ಇಳಿದು ಬರುತ್ತದೆ. ಪಕ್ಕದ ಕೋಣೆಗಿಂತ ಇಲ್ಲಿನ ಒತ್ತಡ 10–15 ಪಾಸ್ಕಲ್‌ನಷ್ಟು ಹೆಚ್ಚು ಇಟ್ಟಿರುತ್ತಾರೆ, ಬಾಗಿಲು ತೆರೆದಾಗ ಗಾಳಿ ಹೊರಗೇ ಹೋಗಲಿ ಎಂದು. ಮನುಷ್ಯನ ಚರ್ಮ, ಕೂದಲು, ಉಸಿರೇ ಅಲ್ಲಿ ದೊಡ್ಡ ಕೊಳೆ. ಎಂಜಿನಿಯರ್ ಹಂತಹಂತವಾಗಿ ಬಟ್ಟೆ ಬದಲಿಸಿ, ಕಣ್ಣನ್ನೂ ಬಿಡದೆ ಮುಚ್ಚಿಕೊಂಡು, ಶುದ್ಧಗೊಳಿಸಿದ ಸ್ಪ್ಯಾನರಿನೊಂದಿಗೆ ಒಳಗೆ ಹೋಗಿ, ನಿಧಾನವಾಗಿ ಕೈಯಾಡಿಸಬೇಕು. ಒಂದು ಸ್ಕ್ರೂ ಬಿಗಿ ಮಾಡಿದ್ದಕ್ಕೆ ಕೋಣೆಯನ್ನೆಲ್ಲ ಮತ್ತೆ ಶುದ್ಧ ಮಾಡಬೇಕಾಗಬಹುದು. ಪ್ರೊಡಕ್ಷನ್ ವಿಭಾಗದವರು ಹೊರಗೆ ಗಡಿಯಾರ ನೋಡುತ್ತ ನಿಂತಿರುತ್ತಾರೆ.

ನಂಜನಗೂಡಿನಂಥಲ್ಲಿ ಮೂಲದ್ರವ್ಯದ ಕಾರ್ಖಾನೆಗಳ ಅಪಾಯ ಇನ್ನೊಂದು ಬಗೆಯದು. ಅಲ್ಲಿ ಉರಿಯುವ ದ್ರಾವಕಗಳು, ಆಮ್ಲಗಳು. ಆಮ್ಲ ಉಕ್ಕನ್ನು ತಿನ್ನದಂತೆ ರಿಯಾಕ್ಟರಿನ ಒಳಮೈಗೆ ಗಾಜಿನ ಪದರ ಹೊದಿಸಿರುತ್ತಾರೆ. ಒಳಗೆ ಇಳಿದವರ ಕೈಯಿಂದ ಒಂದು ನಟ್ ಜಾರಿ ಬಿದ್ದು ಗಾಜು ಸಿಡಿದರೆ, ಅಲ್ಲಿಂದ ಆಮ್ಲ ಉಕ್ಕಿಗೆ ಇಳಿಯುತ್ತದೆ. ಗಾಜಿನ ಚೂರು ಮದ್ದಿಗೆ ಸೇರುವ ಭಯ ಬೇರೆ. ಕಿಡಿ ಹಾರದ ತಾಮ್ರದ ಮಿಶ್ರಲೋಹದ ಉಪಕರಣವೇ ಬೇಕು, ಪರ್ಮಿಟ್ ಇಲ್ಲದೆ ವೆಲ್ಡಿಂಗ್ ಇಲ್ಲ, ಆಮ್ಲಜನಕ ಅಳೆಯದೆ ಟ್ಯಾಂಕಿನೊಳಗೆ ಇಳಿಯುವಂತಿಲ್ಲ. ಈ ನಿಯಮಗಳಲ್ಲಿ ಒಂದನ್ನು ಬಿಟ್ಟರೂ ಮೊದಲು ಸಾಯುವುದು ಫಿಟ್ಟರ್, ಅವನ ಹೆಲ್ಪರ್.

ಹೀಗಿರುವಾಗ ಈ ವಿಭಾಗದ ಮೇಲೆ ಮೊದಲು ಕತ್ತರಿ ಬೀಳುವುದು ನನಗೆ ಬಹಳ ನೋವಿನ ಸಂಗತಿ. ಮೇಂಟೆನೆನ್ಸ್ ಎಂದರೆ ಬರೀ ಖರ್ಚು ಎಂಬ ಭಾವನೆ ಮಾಲೀಕರಲ್ಲಿ ಆಳವಾಗಿದೆ. ಯಂತ್ರ ಓಡುತ್ತಿರುವಾಗ ಅದನ್ನು ನಿಲ್ಲಿಸಿ ಬಿಚ್ಚಿ ನೋಡುವುದು ದಂಡ ಎನಿಸುತ್ತದೆ. ನಿಗದಿತ ಶಟ್‌ಡೌನ್ ಮುಂದಕ್ಕೆ ಹೋಗುತ್ತದೆ, ಆದರೆ ಕಾಗದದಲ್ಲಿ ಕೆಲಸ ಮುಗಿದಂತೆ ಸಹಿ ಬೀಳುತ್ತದೆ. ಆ ಸುಳ್ಳು ಸಹಿಗಿಂತ ದೊಡ್ಡ ಕೆಡುಕು ಈ ವೃತ್ತಿಯಲ್ಲಿ ಇನ್ನೊಂದಿಲ್ಲ. ಮಾಡದ ಕೆಲಸ ಮಾಡಿಲ್ಲ ಎಂದು ಬರೆದಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು. ಗುತ್ತಿಗೆಯಲ್ಲಿ ಬಂದು ಆರು ತಿಂಗಳಿಗೆ ಹೋಗುವ ಹುಡುಗನಿಗೆ ‘ಇಲ್ಲ ಸಾರ್, ಮಾಡಿಲ್ಲ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಕೆಲಸದ ಭದ್ರತೆ ಇಲ್ಲಿ ಕಾರ್ಮಿಕನ ಹಕ್ಕಿನ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ, ರೋಗಿಯ ಪ್ರಾಣದ ಪ್ರಶ್ನೆಯೂ ಆಗುತ್ತದೆ.

ಕೇಂದ್ರ ಸರ್ಕಾರ 2023ರ ಡಿಸೆಂಬರ್ 28ರ ಅಧಿಸೂಚನೆಯಲ್ಲಿ ಔಷಧ ನಿಯಮಗಳ ಷೆಡ್ಯೂಲ್ ಎಂ ಅನ್ನು ಪೂರ್ತಿ ತಿದ್ದಿ ಬರೆಯಿತು. ಕಟ್ಟಡ, ಯಂತ್ರ, ನೀರು, ಗಾಳಿ, ದಾಖಲೆಗಳಿಗೆ ಬಿಗಿಯಾದ ಕಟ್ಟಳೆಗಳು ಬಂದವು. ಸಣ್ಣ ಕಾರ್ಖಾನೆಗಳಿಗೆ 2025ರ ಡಿಸೆಂಬರ್ 31ರವರೆಗೆ ಅವಕಾಶ ಸಿಕ್ಕಿತು. ಕಟ್ಟಳೆ ಒಳ್ಳೆಯದೇ. ಆದರೆ ಅದನ್ನು ನಡೆಸುವ ಕೈಗಳ ಬಗ್ಗೆ ಎರಡು ಮಾತು ಹೇಳಲೇಬೇಕು.

ಮೊದಲನೆಯದು ಭಾಷೆ. ಕೆಲಸ ಹೇಗೆ ಮಾಡಬೇಕೆಂದು ಹೇಳುವ ಎಸ್‌ಒಪಿ ಎಂಬ ಲಿಖಿತ ಕ್ರಮ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಪಿರಿಯಾಪಟ್ಟಣದ ಐಟಿಐನಿಂದ ಬಂದ ಫಿಟ್ಟರ್ ಅದಕ್ಕೆ ಸಹಿ ಹಾಕುತ್ತಾನೆ, ಕೆಲಸವನ್ನು ಮಾತ್ರ ಪಕ್ಕದವನನ್ನು ನೋಡಿ ಕಲಿಯುತ್ತಾನೆ. ಪಕ್ಕದವನ ತಪ್ಪೂ ಜೊತೆಗೆ ಬರುತ್ತದೆ. ಸಿಬ್ಬಂದಿಗೆ ಅರ್ಥವಾಗುವಂತೆ ಸೂಚನೆ ಇರಬೇಕು ಎಂಬುದು ಉತ್ತಮ ಉತ್ಪಾದನಾ ಕ್ರಮದ ಮೂಲ ಪಾಠ. ವಾಲ್ವ್, ಗ್ಯಾಸ್ಕೆಟ್, ಪಂಪು ಎಂಬ ಪದಗಳನ್ನು ಹಾಗೇ ಇಟ್ಟು, ಏಕೆ, ಎಷ್ಟು, ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆಯಲು ಯಾವ ಕಾನೂನೂ ಅಡ್ಡಿಯಿಲ್ಲ. ಎರಡನೆಯದು ಓದು. ಐಟಿಐ ಮತ್ತು ಪಾಲಿಟೆಕ್ನಿಕ್ಕುಗಳಲ್ಲಿ ಪಂಪು ಬಿಚ್ಚಿ ಜೋಡಿಸಲು ಕಲಿಸುತ್ತಾರೆ. ಆ ಪಂಪು ನರಕ್ಕೆ ಹೋಗುವ ನೀರನ್ನು ತಳ್ಳಿದರೆ ಏನು ಬದಲಾಗುತ್ತದೆ ಎಂದು ಕಲಿಸುವುದು ಅಪರೂಪ. ಮೈಸೂರಿನಲ್ಲಿ 1946ರ ಎನ್‌ಐಇ, 1963ರ ಎಸ್‌ಜೆಸಿಇ ಎಂಬ ಎಂಜಿನಿಯರಿಂಗ್ ಕಾಲೇಜುಗಳು, 1973ರ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಒಂದೇ ಊರಿನಲ್ಲಿವೆ. ಎಂಜಿನಿಯರಿಂಗ್ ಮತ್ತು ಫಾರ್ಮಸಿ ಸೇರಿ ಜಿಲ್ಲೆಯ ಐಟಿಐ ಮಕ್ಕಳಿಗೆ ಒಂದು ಸಣ್ಣ ಕೋರ್ಸು ಕೊಡಲು ಇದಕ್ಕಿಂತ ಅನುಕೂಲ ಊರು ಬೇಕೇ?

ಇದು ಕಾರ್ಖಾನೆಗಳಿಗೆ ಮಾತ್ರ ಸೇರಿದ ವಿಷಯ ಎಂದುಕೊಂಡವರು ತಾಲ್ಲೂಕು ಆಸ್ಪತ್ರೆಯ ಹಿತ್ತಲಿಗೆ ಹೋಗಿ ನೋಡಬೇಕು. 2021ರ ಮೇ 2 ಮತ್ತು 3ರ ನಡುವೆ ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಆ ವರ್ಷವೇ ದೇಶದಾದ್ಯಂತ ಪಿಎಂ ಕೇರ್ಸ್ ನಿಧಿಯಿಂದ ಸಾವಿರಕ್ಕೂ ಹೆಚ್ಚು ಆಮ್ಲಜನಕ ಘಟಕಗಳು ಬಂದವು. ಬೇರೆ ನಿಧಿಗಳಿಂದಲೂ ಬಂದವು, ತಾಲ್ಲೂಕು ಆಸ್ಪತ್ರೆಗಳಿಗೂ ತಲುಪಿದವು. ಕಾನೂನಿನ ಪ್ರಕಾರ ವೈದ್ಯಕೀಯ ಆಮ್ಲಜನಕ ಒಂದು ಔಷಧ. ಅಂದ ಮೇಲೆ ಘಟಕ ಇರುವ ಪ್ರತಿ ಆಸ್ಪತ್ರೆಯೂ ಒಂದು ಪುಟ್ಟ ಔಷಧ ಕಾರ್ಖಾನೆ. ಅದರ ಕೆಲಸ ಸರಳವೇ. ಕಂಪ್ರೆಸರ್ ಗಾಳಿಯನ್ನು ಒತ್ತಿ ಜಿಯೊಲೈಟ್ ಎಂಬ ಹರಳಿನ ಗೋಪುರಕ್ಕೆ ತಳ್ಳುತ್ತದೆ, ಹರಳು ಸಾರಜನಕವನ್ನು ಹಿಡಿದಿಟ್ಟುಕೊಂಡು ಸುಮಾರು ಶೇಕಡ 93ರ ಆಮ್ಲಜನಕವನ್ನು ಬಿಡುತ್ತದೆ. ಆದರೆ ಜಿಯೊಲೈಟಿಗೆ ತೇವ ಆಗದು, ಎಣ್ಣೆ ಆಗದು. ಗಾಳಿ ಒಣಗಿಸುವ ಡ್ರೈಯರ್ ಕೆಟ್ಟರೂ, ಎಣ್ಣೆ ಹಿಡಿಯುವ ಫಿಲ್ಟರ್ ಕಾಲಕ್ಕೆ ಬದಲಾಗದಿದ್ದರೂ ಹರಳು ಸೋಲುತ್ತದೆ. ಶುದ್ಧತೆ 90ಕ್ಕಿಂತ ಕೆಳಗಿಳಿದರೂ ಕೊಳವೆಯಲ್ಲಿ ಗಾಳಿ ಬರುತ್ತಲೇ ಇರುತ್ತದೆ, ಶಬ್ದವೂ ಮೊದಲಿನಂತೆಯೇ ಕೇಳುತ್ತದೆ. ರೋಗಿಯ ಬೆರಳಿಗೆ ಸಿಕ್ಕಿಸಿದ ಮಾಪಕ ಮಾತ್ರ ಕೆಳಗಿಳಿಯುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಆಸ್ಪತ್ರೆಗಳಿಗೆ ಸೇರಿ ಒಬ್ಬ ಮೇಂಟೆನೆನ್ಸ್ ಎಂಜಿನಿಯರ್, ಇಬ್ಬರು ಫಿಟ್ಟರ್ ಇದ್ದರೂ ಬಹಳಷ್ಟು ಆಗುತ್ತದೆ. ಅವರಿಗೆ ಆಮ್ಲಜನಕ ಘಟಕ, ಆಟೊಕ್ಲೇವ್, ಲಸಿಕೆಯ ಫ್ರಿಜ್, ವೆಂಟಿಲೇಟರು, ಜನರೇಟರು ಎಲ್ಲದರ ಹೊಣೆ ಕೊಡಬೇಕು. ಓಡಾಡಲು ವಾಹನ, ಬೀಗ ಹಾಕಿಡಬಹುದಾದ ಬಿಡಿಭಾಗದ ಕೋಣೆ, ವರ್ಷಕ್ಕೊಮ್ಮೆ ಬೇಡಿಕೆ ಸಲ್ಲಿಸಿ ಕಾಯದೆ ಫಿಲ್ಟರ್ ಕೊಳ್ಳುವಷ್ಟು ಹಣ ಬೇಕು. ಯಂತ್ರ ಸುರಕ್ಷಿತವಲ್ಲ ಎಂದು ಅವರು ಬರೆದರೆ ಅದನ್ನು ಮೇಲಧಿಕಾರಿಯೂ ಅಳಿಸಲಾಗದಂಥ ಅಧಿಕಾರ ಬೇಕು. ಕೊಳ್ಳುವಾಗ ಟೆಂಡರಿನಲ್ಲೇ ಐದು ವರ್ಷದ ಬಿಡಿಭಾಗ, ಕನ್ನಡದ ಕೈಪಿಡಿ, ಸ್ಥಳೀಯರಿಗೆ ತರಬೇತಿ ಎಂಬ ಮೂರು ಷರತ್ತುಗಳನ್ನು ಸೇರಿಸಿದರೆ ಈ ಕೆಲಸದ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ.